ಬಳ್ಳಾರಿಯಲ್ಲಿ ಎರಡು ಮನೆ ಹಿಡಿಸಿವೆ, ಯಾವುದನ್ನು ಕೊಳ್ಳೋಣ?

ಬಳ್ಳಾರಿಯಲ್ಲಿ ಮನೆ ಹುಡುಕಿದವರ ಮುಂದೆ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಇಂಥ ಎರಡು ಮನೆ. ಒಂದು ಊರೊಳಗೆ, ಗಾಂಧಿನಗರವೋ ಸತ್ಯನಾರಾಯಣಪೇಟೆಯೋ. ಕಟ್ಟಿ ಇಪ್ಪತ್ತೈದು ವರ್ಷ ಆಗಿದೆ. ಕಡಪಾ ಕಲ್ಲಿನ ನೆಲ, ಸಣ್ಣ ಅಡುಗೆಮನೆ, ಮುಂದೆ ಒಂದು ಬೇವಿನ ಮರ. ಇನ್ನೊಂದು ಸಿರುಗುಪ್ಪ ರಸ್ತೆ ಕಡೆಯ ಹೊಸ ಲೇಔಟಿನಲ್ಲಿ. ಡೂಪ್ಲೆಕ್ಸ್, ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್, ಕಾರು ನಿಲ್ಲಿಸಲು ಜಾಗ. ಮನೆಯ ಹಿರಿಯರಿಗೆ ಮೊದಲನೆಯದು ಹಿಡಿಸಿರುತ್ತದೆ, ಗುಡಿ ಹತ್ತಿರ, ಆಸ್ಪತ್ರೆ ಹತ್ತಿರ ಅಂತ. ಮಕ್ಕಳಿಗೆ ಎರಡನೆಯದು. ಗಂಡ ಹೆಂಡತಿ ನಡುವೆ ಸಿಕ್ಕಿಬಿದ್ದಿರುತ್ತಾರೆ.

ಈ ಬರಹ ಅವರಿಗಾಗಿ. ಯಾವ ಮನೆ ಒಳ್ಳೆಯದು ಅಂತ ಕಣ್ಣುಮುಚ್ಚಿ ಹೇಳಲು ಆಗಲ್ಲ. ಆದರೆ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಿದರೂ ನಡೆಯುತ್ತದೆ ಅಂತ ಹೇಳಬಹುದು. ಟೈಲ್ಸ್, ಬಣ್ಣ, ಬಾಗಿಲು, ಅಡುಗೆಮನೆಯ ಕಟ್ಟೆ, ಇವೆಲ್ಲ ದುಡ್ಡು ಕೊಟ್ಟರೆ ಬದಲಾಗುತ್ತವೆ. ಮನೆ ಕೆಳಗಿನ ಮಣ್ಣು, ಬಿಸಿಲು ಬೀಳುವ ಗೋಡೆ, ಓಣಿಗೆ ನೀರು ಬರುವ ರೀತಿ, ಕಾಗದಗಳ ಹಿಂದಿರುವ ಜನ, ಇವು ಬದಲಾಗಲ್ಲ. ನಾವು ಮನೆ ನೋಡಲು ಹೋದಾಗ ಮಾತ್ರ ಮೊದಲು ನೋಡುವುದು ಟೈಲ್ಸನ್ನೇ.

ಎರಡೂ ಮನೆಗಳನ್ನು ಒಂದೇ ಹೊತ್ತಿನಲ್ಲಿ ನೋಡಿ. ಒಂದನ್ನು ಬೆಳಗ್ಗೆ ಏಳಕ್ಕೆ, ಇನ್ನೊಂದನ್ನು ಮಧ್ಯಾಹ್ನ ಮೂರಕ್ಕೆ ನೋಡಿದರೆ ಅದು ಹೋಲಿಕೆಯೇ ಅಲ್ಲ.

ಕೆಳಗಿನ ಮಣ್ಣು

ನಮ್ಮ ಕಡೆ ಕಪ್ಪು ಎರಿ ಮಣ್ಣೂ ಇದೆ, ಕೆಂಪು ಮಸಾರಿಯೂ ಇದೆ, ಬಂಡೆಯೂ ಇದೆ. ಒಂದೇ ಊರಿನ ಎರಡು ದಿಕ್ಕಿಗೆ ಬೇರೆ ಬೇರೆ ನೆಲ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹತ್ತಿಗೆ, ಜೋಳಕ್ಕೆ, ಮೆಣಸಿನಕಾಯಿಗೆ ಚಿನ್ನದಂಥ ಆ ನೆಲ ಮನೆಯ ಪಾಯಕ್ಕೆ ಆಗಿಬರಲ್ಲ. ಪ್ರತಿ ಮಳೆಗಾಲ ಪಾಯವನ್ನು ಸ್ವಲ್ಪ ಎತ್ತುತ್ತದೆ, ಪ್ರತಿ ಬೇಸಿಗೆ ಸ್ವಲ್ಪ ಇಳಿಸುತ್ತದೆ. ಎಲ್ಲ ಕಡೆ ಸಮನಾಗಿ ಎತ್ತಿದರೆ ತೊಂದರೆ ಇಲ್ಲ. ಒಂದು ಮೂಲೆಗೆ ಬಚ್ಚಲ ನೀರು ಇಂಗುತ್ತಿದ್ದು ಇನ್ನೊಂದು ಮೂಲೆ ಒಣಗಿದ್ದರೆ ಗೋಡೆ ಬಿರಿಯುತ್ತದೆ.

ಹಾಗಂತ ಎರಿ ನೆಲದಲ್ಲಿ ಮನೆ ಕೊಳ್ಳಲೇಬಾರದು ಅಂತಲ್ಲ. ಎರಿ ಮುಗಿದು ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಸಿಗುವವರೆಗೆ ಪಾಯ ಇಳಿಸಿ, ಸುತ್ತ ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಹಾಕಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಕಾಂಕ್ರೀಟ್ ಹಾಸು ಮಾಡಿದ್ದರೆ ಮನೆ ಗಟ್ಟಿಯಾಗಿ ನಿಲ್ಲುತ್ತದೆ. ಎರಿ ತುಂಬ ಆಳ ಇರುವ ಕಡೆ ಅಂಡರ್ ರೀಮ್ಡ್ ಪೈಲ್, ಅಂದರೆ ಬುಡದ ಕಡೆ ಅಗಲವಾದ ಕಾಂಕ್ರೀಟ್ ಕಂಬ, ಹಾಕುತ್ತಾರೆ. ಪ್ರಶ್ನೆ ಏನೆಂದರೆ, ನೀವು ನೋಡುತ್ತಿರುವ ಮನೆಗೆ ಹಾಗೆ ಮಾಡಿದ್ದಾರಾ? ಬಿಲ್ಡರ್ ಮಾಡಿದ್ದೇವೆ ಅಂತಲೇ ಹೇಳುತ್ತಾರೆ. ಪಾಯ ಈಗ ಮಣ್ಣೊಳಗಿದೆ, ಅಗೆದು ನೋಡಲು ಆಗಲ್ಲ.

ಅದಕ್ಕೆ ಬೇರೆ ದಾರಿ ಇದೆ. ಹೊಸ ಲೇಔಟಿನಲ್ಲಿ ಪಕ್ಕದಲ್ಲೋ ಎರಡು ಸೈಟು ಆಚೆಯೋ ಯಾರಾದರೂ ಪಾಯ ತೋಡುತ್ತಿರುತ್ತಾರೆ. ಆ ಗುಂಡಿಯ ಅಂಚಿಗೆ ನಿಂತು ಬಗ್ಗಿ ನೋಡಿ. ಮೇಲಿನಿಂದ ಕಪ್ಪು ಮಣ್ಣು ಎಷ್ಟು ಅಡಿ ಇದೆ, ಎಲ್ಲಿಂದ ಬಣ್ಣ ತಿರುಗಿ ಕಲ್ಲುಕಲ್ಲಾದ ಗರಸು ಶುರುವಾಗಿದೆ ಅಂತ ಗೋಡೆಯಂತೆ ಕಾಣುತ್ತದೆ. ಅಲ್ಲಿನ ಗೌಂಡಿಯನ್ನು ಮಾತಾಡಿಸಿ. "ಅಣ್ಣಾರೆ, ಇಲ್ಲಿ ಆರಡಿ ತನಕ ಬರೇ ಎರಿನೇ ಐತಿ. ಗರಸು ಹತ್ತೋತನಕ ಬಿಡಂಗಿಲ್ಲ" ಅಂತ ಅವರು ಹೇಳಿದರೆ, ನೀವು ಕೊಳ್ಳಲು ಹೊರಟ ಮನೆಯ ಬಿಲ್ಡರ್‌ಗೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ಅವರು ಪಾಯ ಮೂರೇ ಅಡಿ ತೆಗೆದಿದ್ದರೆ ಅಲ್ಲಿಗೆ ಮಾತು ನಿಲ್ಲಿಸಿ. ಪಾಯ ತೋಡುವಾಗ ತೆಗೆದ ಫೋಟೊ ಈಗ ಎಲ್ಲರ ಮೊಬೈಲಿನಲ್ಲೂ ಇರುತ್ತದೆ, ತೋರಿಸಿ ಅಂತ ಕೇಳಿ.

ಇನ್ನೊಂದು ಸುಳಿವು ಕಾಂಪೌಂಡ್ ಗೋಡೆ. ಮನೆಗೆ ಆಳದ ಪಾಯ ಹಾಕುವವರೂ ಕಾಂಪೌಂಡಿಗೆ ಹಾಕಲ್ಲ. ಹಾಗಾಗಿ ಕೆಳಗಿನ ಮಣ್ಣಿನ ಆಟ ಮೊದಲು ಅಲ್ಲಿ ಕಾಣುತ್ತದೆ. ಗೋಡೆ ಅಲೆಯಂತೆ ಎದ್ದು ಬಿದ್ದಿದ್ದರೆ, ಗೇಟು ಕೊಂಡಿಗೆ ಸರಿಯಾಗಿ ಕೂರದಿದ್ದರೆ, ಕೆಳಗೆ ಎರಿ ಇರಬಹುದು. ಮನೆಯೊಳಗೆ ಕಿಟಕಿ ಮತ್ತು ಬಾಗಿಲಿನ ಮೂಲೆ ನೋಡಿ. ಗಿಲಾವಿನ ಮೇಲಿನ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಮೂಲೆಯಿಂದ ಓರೆಯಾಗಿ ಹೊರಟು, ರೂಪಾಯಿ ನಾಣ್ಯದ ಅಂಚು ತೂರುವಷ್ಟು ಅಗಲವಾದ ಬಿರುಕಿದ್ದರೆ ನಿಮ್ಮ ಕಡೆಯ ಸಿವಿಲ್ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಲಕ್ಷಗಟ್ಟಲೆ ಸುರಿಯುವವರು ಕೆಲವು ಸಾವಿರ ಉಳಿಸಲು ಹೋಗಬಾರದು.

ಈ ವಿಷಯದಲ್ಲಿ ಹಳೇ ಮನೆಗೆ ಒಂದು ದೊಡ್ಡ ಗುಣವಿದೆ. ಅದು ತನ್ನ ಪರೀಕ್ಷೆ ಬರೆದು ಮುಗಿಸಿದೆ. ಬರಗಾಲ ನೋಡಿದೆ, ಜೋರು ಮಳೆ ನೋಡಿದೆ. ಬಿರಿಯುವುದಿದ್ದರೆ ಇಷ್ಟೊತ್ತಿಗೆ ಬಿರಿದಿರುತ್ತದೆ, ನಿಮ್ಮ ಕಣ್ಣಿಗೆ ಕಾಣುತ್ತದೆ. ಮಾರುವುದಕ್ಕೆ ಮುಂಚೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಮಾತ್ರ ಹುಷಾರು. ಹಳೇ ಮನೆಯಲ್ಲಿ ನೋಡಬೇಕಾದದ್ದು ತಲೆಯ ಮೇಲೆ. ಬಚ್ಚಲು, ಅಡುಗೆಮನೆ ಮೇಲಿನ ಸ್ಲ್ಯಾಬಿನಲ್ಲಿ ಗಿಲಾವು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆಯಾ? ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ. ಒಂದೆರಡು ಕಡೆ ಹೀಗಿದ್ದರೆ ರಿಪೇರಿ. ಮನೆ ತುಂಬ ಹೀಗಿದ್ದರೆ ನೀವು ಕೊಳ್ಳುತ್ತಿರುವುದು ಸೈಟನ್ನು, ಮನೆಯನ್ನಲ್ಲ. ಸೈಟಿನ ಬೆಲೆಯನ್ನೇ ಕೊಡಿ. ಹೊಸ ಮನೆಯಲ್ಲಿ ಫಾಲ್ಸ್ ಸೀಲಿಂಗ್ ಇದೇ ಸ್ಲ್ಯಾಬನ್ನು ಮುಚ್ಚಿಬಿಡುತ್ತದೆ. ಲೈಟು ಕೂರಿಸಿದ ಕಿಂಡಿಯಿಂದ ಮೊಬೈಲ್ ಒಳಗಿಟ್ಟು ಫೋಟೊ ತೆಗೆದರೆ ತೇವದ ಕಲೆ ಇದ್ದರೆ ಗೊತ್ತಾಗುತ್ತದೆ.

ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಇಲ್ಲಿ ಮನೆ ಕೊಳ್ಳುವವರು ಬಾಗಿಲು ಪೂರ್ವಕ್ಕಿದೆಯಾ ಅಂತ ಕೇಳುತ್ತಾರೆ. ಪಶ್ಚಿಮದ ಗೋಡೆ ಯಾವ ಕೋಣೆಯದು ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಮುಖ್ಯ. ವಾಸ್ತು ಪ್ರಕಾರ ಯಜಮಾನರ ಮಲಗುವ ಕೋಣೆ ನೈಋತ್ಯಕ್ಕೆ ಬರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಸಂಜೆವರೆಗೆ ಬಿಸಿಲು ಬಡಿಯುವ ಮೂಲೆಯೂ ಅದೇ. ಕಾದ ಗೋಡೆ ಆ ಕಾವನ್ನು ಒಳಗೆ ಬಿಡುವುದು ರಾತ್ರಿ, ನಾವು ಮಲಗುವ ಹೊತ್ತಿಗೆ. ನಂಬಿಕೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಕೋಣೆಗೆ ನೆರಳು ಇದೆಯಾ ಅಂತ ನೋಡಿ ಅಂತ ಹೇಳುತ್ತಿದ್ದೇನೆ.

ನೆರಳು ಹೇಗೆ ಸಿಗುತ್ತದೆ? ಊರೊಳಗಿನ ಮನೆಗೆ ಪಶ್ಚಿಮದಲ್ಲಿ ಪಕ್ಕದವರ ಎರಡಂತಸ್ತಿನ ಮನೆ ಒತ್ತಿಕೊಂಡೇ ಇರುತ್ತದೆ. ಗಾಳಿ ಬೆಳಕು ಕಡಿಮೆ ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ, ಆದರೆ ಬೇಸಿಗೆಯಲ್ಲಿ ಅದೇ ಕೊಡೆ. ಹೊಸ ಲೇಔಟಿನಲ್ಲಿ ಸುತ್ತ ಖಾಲಿ ಸೈಟು. ನಾಲ್ಕೂ ಗೋಡೆಗೆ, ಮಾಳಿಗೆಗೆ ನೇರ ಬಿಸಿಲು. ಜೂನ್, ಜುಲೈನಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಸುಖವಾಗಿ ಒಳಗೆ ಬರುತ್ತದೆ, ನಿಜ. ಜೊತೆಗೆ ಧೂಳೂ ಬರುತ್ತದೆ. ಡೂಪ್ಲೆಕ್ಸಿನಲ್ಲಿ ಮಲಗುವ ಕೋಣೆಗಳೆಲ್ಲ ಮೇಲೆ, ಅಂದರೆ ಕಾದ ಸ್ಲ್ಯಾಬಿನ ಕೆಳಗೇ. ಕಾಲುನೋವಿರುವ ಅವ್ವನಿಗೆ ಕೆಳಗೆ ಒಂದು ಕೋಣೆ, ಪಕ್ಕದಲ್ಲೇ ಬಚ್ಚಲು ಇದೆಯಾ ಅಂತಲೂ ನೋಡಿಕೊಳ್ಳಿ.

ಪರೀಕ್ಷೆ ಸುಲಭ. ಸಂಜೆ ಐದಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಡಿ. ರಾತ್ರಿ ಒಂಬತ್ತಕ್ಕೆ ಮತ್ತೆ ಹೋಗಿ, ಮೇಲಿನ ಕೋಣೆಯಲ್ಲಿ ಫ್ಯಾನ್ ಹಾಕದೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಎರಡೂ ಮನೆಯಲ್ಲಿ ಹೀಗೆ ಮಾಡಿ. ಕಿಟಕಿಯ ಮೇಲೆ ಸಜ್ಜಾ ಎಷ್ಟು ಮುಂದೆ ಬಂದಿದೆ ಅಂತ ನೋಡಿ. ಈಗಿನ ಹೊಸ ಮನೆಗಳಲ್ಲಿ ಅಂದಕ್ಕೆ ಅಂತ ಸಜ್ಜಾನೇ ತೆಗೆದುಬಿಡುತ್ತಾರೆ, ನಮ್ಮ ಊರಿಗೆ ಅದು ಒಗ್ಗಲ್ಲ. ಕಲ್ಲುಗುಡ್ಡದ ಬುಡದಲ್ಲಿರುವ ಮನೆಯಾದರೆ ಪಾಯದ ಚಿಂತೆ ಕಡಿಮೆ, ಆದರೆ ಹಗಲೆಲ್ಲ ಕಾದ ಬಂಡೆ ರಾತ್ರಿ ಕಾವು ಬಿಡುತ್ತಲೇ ಇರುತ್ತದೆ. ಇನ್ನು ಹಳೇ ಮನೆಯ ಮುಂದಿರುವ ಬೇವಿನ ಮರ, ಗೋಡೆಯಿಂದ ದೂರವಿದ್ದರೆ ಪುಣ್ಯ. ಎರಿ ನೆಲದಲ್ಲಿ ಗೋಡೆಗೆ ತೀರ ಹತ್ತಿರವಿದ್ದರೆ ಬೇರು ನೀರು ಹೀರಿ ಮಣ್ಣನ್ನು ಕುಗ್ಗಿಸುತ್ತದೆ.

ನೀರು

ತುಂಗಭದ್ರೆಯ ಕಾಲುವೆ ನೀರನ್ನು ಅಲ್ಲೀಪುರ, ಮೋಕಾ ಕೆರೆಗಳಲ್ಲಿ ತುಂಬಿಟ್ಟುಕೊಂಡು ಬಳ್ಳಾರಿಗೆ ಕೊಡುತ್ತಾರೆ. ಕಾಲುವೆ ನಿಂತ ಮೇಲೆ ಕೆರೆಯಲ್ಲಿ ಇದ್ದಷ್ಟೇ. ಹಾಗಾಗಿ ಮಾರುವವರನ್ನು ನೀರಿನ ಬಗ್ಗೆ ಕೇಳಬೇಡಿ, ಓಣಿಯವರನ್ನು ಕೇಳಿ. "ಅಕ್ಕಾರೆ, ನಿಮ್ಮ ಓಣಿಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ? ಬ್ಯಾಸಗಿಗೆ ಹೆಂಗ?" ಅಂತ ಕೇಳಿದರೆ ಬಾಗಿಲಲ್ಲಿ ಕೂತ ಹೆಣ್ಣುಮಕ್ಕಳು ಎಲ್ಲಾ ಹೇಳುತ್ತಾರೆ. ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಮೋಟರ್ ಹಚ್ಚದೆ ಏರುತ್ತದಾ ಅಂತ.

ಆ ಉತ್ತರ ಸಿಕ್ಕ ಮೇಲೆ ಸಂಪಿನ ಲೆಕ್ಕ ಹಾಕಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ಸರ್ಕಾರಿ ಯೋಜನೆಗಳು ಇಟ್ಟುಕೊಳ್ಳುವ ಅಳತೆ. ಐದು ಜನರಿಗೆ 675 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ 5,400 ಲೀಟರ್. ಎಂಟು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪಿನಲ್ಲಿ ಸುಮಾರು 5,600 ಲೀಟರ್ ಹಿಡಿಯುತ್ತದೆ. ಮನೆಯ ಸಂಪಿನ ಮುಚ್ಚಳ ತೆಗೆಸಿ ಟೇಪು ಹಿಡಿಯಿರಿ. ಡೂಪ್ಲೆಕ್ಸಿನ ಪಾರ್ಕಿಂಗ್ ಕೆಳಗೆ ಮೂರು ಸಾವಿರ ಲೀಟರಿನ ಸಂಪಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುತ್ತಲೇ ಇರಬೇಕಾಗುತ್ತದೆ.

ಬೋರ್ ಇದೆ ಅನ್ನುತ್ತಾರೆ. ಇರಲಿ, ಆ ನೀರು ಸವಳೋ ಸಿಹಿಯೋ? ಬಚ್ಚಲಿನ ನಲ್ಲಿಯ ಬಾಯಿ ನೋಡಿ. ಬಿಳಿ ಪೊರೆ ಕಟ್ಟಿದ್ದರೆ ಗೀಸರ್, ವಾಷಿಂಗ್ ಮಷೀನ್ ಎಲ್ಲಕ್ಕೂ ಅದೇ ಗತಿ. ಹೊಸ ಮನೆಯ ನಲ್ಲಿಗಳು ಇನ್ನೂ ಹೊಳೆಯುತ್ತಿರುತ್ತವೆ, ಅಲ್ಲಿ ಪಕ್ಕದ ಮನೆಯ ನಲ್ಲಿ ನೋಡಬೇಕು. ಬೋರ್ ನೀರು ಕುಡಿಯುವ ವಿಚಾರವಿದ್ದರೆ ಒಂದು ಬಾಟಲಿ ಲ್ಯಾಬಿಗೆ ಕೊಟ್ಟು ಫ್ಲೋರೈಡ್ ನೋಡಿಸಿ.

ನೀರು ಬರುವ ದಾರಿಯಷ್ಟೇ ಹೋಗುವ ದಾರಿಯೂ ಮುಖ್ಯ. ಲೇಔಟಿನ ಒಳಚರಂಡಿ ಪಾಲಿಕೆಯ ಮುಖ್ಯ ಕೊಳವೆಗೆ ಸೇರಿದೆಯಾ, ಇಲ್ಲ ಸೆಪ್ಟಿಕ್ ಟ್ಯಾಂಕಾ? ಮಳೆ ಬಂದ ಮರುದಿನ ಒಂದು ಸುತ್ತು ಹೋಗಿ ಬನ್ನಿ. ಹತ್ತಿರದಲ್ಲಿ ಜೀನ್ಸ್ ವಾಷಿಂಗ್ ಘಟಕವಿದ್ದರೆ ಚರಂಡಿಯ ಬಣ್ಣ ನೋಡಿ.

ಕಾಗದ

ಎರಡು ಮನೆಗಳ ಕಾಗದದ ತೊಡಕು ಬೇರೆ ಬೇರೆ ಜಾತಿಯದು. ಹಳೇ ಮನೆಯದು ಕುಟುಂಬದ ತೊಡಕು, ಹೊಸ ಮನೆಯದು ಲೇಔಟಿನ ತೊಡಕು.

ಹಳೇ ಮನೆ ತಂದೆಯಿಂದಲೋ ಅಜ್ಜನಿಂದಲೋ ಬಂದಿದ್ದರೆ ವಂಶವೃಕ್ಷ ಕೇಳಿ. ಅಣ್ಣತಮ್ಮಂದಿರು ಮೂವರೂ ಸಹಿ ಹಾಕುತ್ತಾರೆ ಅನ್ನುತ್ತಾರೆ. ಅಕ್ಕತಂಗಿಯರು? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ತಂದೆ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರೂ ಆ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಬೇರೆ ಮಾತು. ಆದೋನಿಗೋ ಗುಂತಕಲ್ಲಿಗೋ ಮದುವೆಯಾಗಿ ಹೋದ ತಂಗಿಯೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ. "ಅವಳದೇನಿಲ್ಲ, ನಾವು ಹೇಳ್ತೀವಿ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಅವಳ ಹಕ್ಕು ಅವಳಿಗೆ ಸಿಗಲಿ, ನಿಮಗೂ ನೆಮ್ಮದಿ.

ಇಸಿ, ಅಂದರೆ ಆಸ್ತಿಯ ಮೇಲಿನ ಮಾರಾಟ, ಸಾಲ ಇತ್ಯಾದಿ ತೋರಿಸುವ ಋಣಭಾರ ಪ್ರಮಾಣಪತ್ರ, ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ 2004ರ ಏಪ್ರಿಲಿನಿಂದ ಈಚಿನದು ಸಿಗುತ್ತದೆ, ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಅರ್ಜಿ ಹಾಕಬೇಕು. ಮೂಲ ಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಿ. ಬರೀ ಜೆರಾಕ್ಸ್ ತೋರಿಸುತ್ತಿದ್ದರೆ ಮೂಲ ಎಲ್ಲಿದೆ ಅಂತ ಕೇಳಿ. ಪತ್ರದಲ್ಲಿರುವ ಚೆಕ್ಕುಬಂದಿಯನ್ನು ಓದುತ್ತಾ ನಾಲ್ಕೂ ಕಡೆ ಟೇಪು ಹಿಡಿಯಿರಿ. ಊರೊಳಗಿನ ಮನೆಗಳಲ್ಲಿ ಒಂದೆರಡು ಅಡಿ ರಸ್ತೆಗೋ ಪಕ್ಕದವರಿಗೋ ಹೋಗಿರುವುದು ಸಿಗುತ್ತದೆ.

ಹೊಸ ಲೇಔಟಿಗೆ ಮೂರು ಕಾಗದ ಮೊದಲು. ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸಿದ ಆದೇಶ, ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ, ಆ ಸೈಟಿನ ಇ-ಖಾತಾ. ಲೇಔಟ್ 500 ಚದರ ಮೀಟರಿಗಿಂತ ದೊಡ್ಡದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ಅದರ ವೆಬ್‌ಸೈಟಿನಲ್ಲಿ ನೋಡಿ. ಪಾಲಿಕೆಯ ಗಡಿಯಾಚೆ ಪಂಚಾಯಿತಿಯಲ್ಲಿದ್ದರೆ ಪಂಚಾಯಿತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. 11ಬಿ ಕೊಟ್ಟರೆ, ಅಥವಾ ಪಾಲಿಕೆಯಲ್ಲಿ ಬಿ-ಖಾತಾ ಇದ್ದರೆ (ಎರಡೂ ಸರಿಯಾದ ಒಪ್ಪಿಗೆ ಇಲ್ಲದ ಆಸ್ತಿಯ ದಾಖಲೆ), ಮುಂಗಡ ಕೊಡುವುದಕ್ಕೆ ಮೊದಲೇ ಬ್ಯಾಂಕಿಗೆ ತೋರಿಸಿ. ಬ್ಯಾಂಕಿನ ವಕೀಲರು ಒಪ್ಪದ ಕಾಗದವನ್ನು ನಾವು ಧೈರ್ಯ ಮಾಡಿ ಒಪ್ಪುವುದು ಯಾಕೆ? ನಾಳೆ ನಾವು ಮಾರಲು ಹೋದಾಗ ಕೊಳ್ಳುವವರಿಗೂ ಬ್ಯಾಂಕೇ ಬೇಕಲ್ವಾ?

ದುಡ್ಡು

ಈಗ ಲೆಕ್ಕ. ಇದು ಉದಾಹರಣೆಗೆ ಹಾಕಿದ್ದು, ನಿಮ್ಮ ಓಣಿಯ ರೇಟು ಹಾಕಿಕೊಳ್ಳಿ. ಎರಡೂ 30×40 ಸೈಟು. ಹಳೇ ಮನೆ 50 ಲಕ್ಷ, ಹೊಸದು 56 ಲಕ್ಷ.

ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6ರ ಹತ್ತಿರ. ಹಳೇ ಮನೆಗೆ 3.80 ಲಕ್ಷ, ಹೊಸದಕ್ಕೆ 4.25 ಲಕ್ಷ. ಹಳೇ ಮನೆಯ ವೈರಿಂಗ್, ಪೈಪು, ಬಚ್ಚಲು, ಮಾಳಿಗೆಗೆ 6 ಲಕ್ಷ ಇಟ್ಟುಕೊಳ್ಳೋಣ. ಹೊಸದಕ್ಕೆ ಕಿಟಕಿ ಜಾಲರಿ, ಸಂಪು ಅದು ಇದು ಅಂತ ಒಂದೂವರೆ ಲಕ್ಷ. ಕೊನೆಗೆ ಹಳೇದು 59.80 ಲಕ್ಷ, ಹೊಸದು 61.75 ಲಕ್ಷ. ಆರು ಲಕ್ಷದ ಅಂತರ ಎರಡಕ್ಕೆ ಇಳಿಯಿತು.

ಇನ್ನೂ ಮುಖ್ಯವಾದದ್ದು ಕೈಯಿಂದ ಹಾಕುವ ದುಡ್ಡು. ಗೃಹಸಾಲ 30 ಲಕ್ಷದಿಂದ 75 ಲಕ್ಷದ ಒಳಗಿದ್ದರೆ ಮನೆ ಬೆಲೆಯ ಶೇ. 80ಕ್ಕಿಂತ ಜಾಸ್ತಿ ಸಾಲ ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿ ಖರ್ಚು ಅದರಲ್ಲಿ ಸೇರಲ್ಲ, ರಿಪೇರಿ ಖರ್ಚೂ ಸಾಮಾನ್ಯವಾಗಿ ನಮ್ಮದೇ. ಹಳೇ ಮನೆಗೆ 40 ಲಕ್ಷ ಸಾಲ, ಕೈಯಿಂದ 19.80 ಲಕ್ಷ. ಹೊಸದಕ್ಕೆ 44.80 ಲಕ್ಷ ಸಾಲ, ಕೈಯಿಂದ ಸುಮಾರು 17 ಲಕ್ಷ. ಅಗ್ಗದ ಮನೆಗೇ ಕೈದುಡ್ಡು ಜಾಸ್ತಿ ಬೇಕು! ಬ್ಯಾಂಕಿನವರು ಹಳೇ ಕಟ್ಟಡಕ್ಕೆ ಬೆಲೆ ಕಡಿಮೆ ಕಟ್ಟಿದರೆ ಇನ್ನೂ ಜಾಸ್ತಿ. ಆದರೆ ಕಂತು ಹಳೇದಕ್ಕೆ ಕಡಿಮೆ. ಶೇ. 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ ತಿಂಗಳಿಗೆ ಸುಮಾರು 34,700 ರೂಪಾಯಿ, ಹೊಸದಕ್ಕೆ 38,900. ಕೂಡಿಟ್ಟ ದುಡ್ಡಿದ್ದು ಸಂಬಳ ಕಡಿಮೆ ಇರುವವರಿಗೆ ಒಂದು ಮನೆ ಹೊಂದುತ್ತದೆ, ಒಳ್ಳೆ ಸಂಬಳವಿದ್ದು ಉಳಿತಾಯ ಕಡಿಮೆ ಇರುವವರಿಗೆ ಇನ್ನೊಂದು.

ಬೆಲೆಯನ್ನು ಸೈಟು ಮತ್ತು ಕಟ್ಟಡ ಅಂತ ಒಡೆದೂ ನೋಡಿ. ಊರೊಳಗೆ ಚದರಡಿಗೆ 3,000 ಅಂದರೆ ಹಳೇದರಲ್ಲಿ ಸೈಟಿಗೆ 36 ಲಕ್ಷ, ಕಟ್ಟಡಕ್ಕೆ 14. ಲೇಔಟಿನಲ್ಲಿ 1,500 ಅಂದರೆ ಸೈಟಿಗೆ 18 ಲಕ್ಷ, ಕಟ್ಟಡಕ್ಕೆ 38. ಕಟ್ಟಡಕ್ಕೆ ವಯಸ್ಸಾಗುತ್ತದೆ, ಜಾಗಕ್ಕೆ ಆಗಲ್ಲ.

ಅರ್ಧ ದುಡ್ಡು ನಗದು ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಅಂದರೆ ಒಪ್ಪಬೇಡಿ. ಸಾಲವೂ ಕಡಿಮೆಯಾಗುತ್ತದೆ, ಮುಂದೆ ನೀವು ಮಾರುವಾಗ ತೆರಿಗೆಯೂ ನಿಮ್ಮ ತಲೆಗೇ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ. 1 ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟಬೇಕು ಅನ್ನುವುದೂ ನೆನಪಿರಲಿ.

ನಾನಾದರೆ

ಹಳೇ ಮನೆಯ ಕುಟುಂಬದವರೆಲ್ಲ ಸಹಿಗೆ ಬರುತ್ತಾರೆ, ಸ್ಲ್ಯಾಬ್ ಗಟ್ಟಿಯಿದೆ ಅಂದರೆ ನನ್ನ ಓಟು ಅದಕ್ಕೇ. ನೀರು, ನೆರಳು, ಗೊತ್ತಿರುವ ಪಾಯ, ಇವು ಈ ಊರಿನಲ್ಲಿ ಸುಲಭಕ್ಕೆ ಸಿಗುವ ವಸ್ತುಗಳಲ್ಲ. ಒಬ್ಬ ವಾರಸುದಾರರಾದರೂ ಹಿಂದೇಟು ಹಾಕಿದರೆ ಅದನ್ನು ಬಿಟ್ಟುಬಿಡುತ್ತೇನೆ, ಎಷ್ಟು ಅಗ್ಗವಾದರೂ ಸರಿ. ಆಗ ಹೊಸ ಮನೆ ಗರಸಿನ ಮೇಲೆ ಕೂತಿದ್ದು, ಬುಡಾ ನಕ್ಷೆಯಿದ್ದು, ಪಾಲಿಕೆ ನೀರು ಬಂದಿದ್ದರೆ ಅದನ್ನೇ ಕೊಳ್ಳುತ್ತೇನೆ. ನೀರು "ಮುಂದಿನ ವರ್ಷ ಬರುತ್ತೆ" ಅನ್ನುವ ಮಾತಿದ್ದರೆ ಬಂದ ಮೇಲೆ ನೋಡೋಣ ಅನ್ನುತ್ತೇನೆ.

ತೀರ್ಮಾನ ಆದ ಮೇಲೂ ಮುಂಗಡವನ್ನು ಬಿಳಿ ಹಾಳೆಯ ಮೇಲೆ ಕೊಡಬೇಡಿ. ಕ್ರಯ ಕರಾರು ಬರೆಸಿ ನೋಂದಣಿ ಮಾಡಿಸಿ, ದುಡ್ಡು ಬ್ಯಾಂಕ್ ಖಾತೆಯಿಂದಲೇ ಹೋಗಲಿ. ಕಾಗದದಲ್ಲಿ ತೊಡಕು ಕಂಡರೆ, ಅಥವಾ ಅದರಿಂದಾಗಿ ಬ್ಯಾಂಕು ಸಾಲ ಕೊಡದಿದ್ದರೆ, ಮುಂಗಡ ಪೂರ್ತಿ ಎಷ್ಟು ದಿನದೊಳಗೆ ವಾಪಸ್ ಅಂತ ಅದರಲ್ಲೇ ಬರೆಸಿ. ಈ ಸಾಲು ಬರೆಯಲು ಯಾರು ಒಪ್ಪುತ್ತಾರೆ, ಯಾರು ಮುಖ ಸಿಂಡರಿಸುತ್ತಾರೆ ಅಂತ ಎರಡೂ ಕಡೆ ಮೊದಲೇ ಕೇಳಿ ನೋಡಿ.